ರೋಬೋಟ್ ಮೇಲ್ ಬಂತಾ? ಮೊದಲು ಕಾನ್ಫಿಗ್ ಓದಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಬಿಲ್ಡ್, ವಾರ್ನಿಂಗ್ ಇವುಗಳ ಬಗ್ಗೆಯೇ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಸುರತ್ಕಲ್ ಕಡೆಯವಳು, ಎಂಜಿನಿಯರಿಂಗ್ ಕೊನೆಯ ವರ್ಷ. ಒಂದು ಐ2ಸಿ ಬೆಳಕಿನ ಸೆನ್ಸರ್‌ಗೆ ಲಿನಕ್ಸ್ ಡ್ರೈವರ್ ಬರೆದು, ಕರ್ನಲ್‌ಗೆ ಸೇರಿಸಿ ಅಂತ ಪ್ಯಾಚ್ (ಕೋಡ್ ಬದಲಾವಣೆ) ಕಳಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೂ ವಾರ್ನಿಂಗ್ ಇಲ್ಲದೆ ಬಿಲ್ಡ್ ಆಗಿತ್ತು. ಮರುದಿನ ‘ಕರ್ನಲ್ ಟೆಸ್ಟ್ ರೋಬೋಟ್’ ಹೆಸರಿನಲ್ಲಿ ಎರಡು ಮೇಲ್ ಬಂತು. ಒಂದರಲ್ಲಿ ರೆಗ್‌ಮ್ಯಾಪ್‌ನ (ಚಿಪ್‌ನ ರಿಜಿಸ್ಟರ್ ಓದಿ ಬರೆಯಲು ಕರ್ನಲ್‌ನಲ್ಲಿರುವ ಕೋಡ್) ಫಂಕ್ಷನ್ ಸಿಗುತ್ತಿಲ್ಲ ಅಂತ ಇದೆ. ಇನ್ನೊಂದರಲ್ಲಿ ‘__ಯುಡಿವ್‌ಡಿಐ3’ ಸಿಗುತ್ತಿಲ್ಲ ಅಂತ. ಆ ಎರಡನೆಯದನ್ನು ನಾನು ಕರೆದೇ ಇಲ್ಲ! ನನ್ನ ಪ್ಯಾಚ್ ರಿಜೆಕ್ಟ್ ಆಯಿತಾ?

ಉತ್ತರ: ಇಲ್ಲ, ಆಗಿಲ್ಲ. ಪ್ಯಾಚ್ ಬೇಕೋ ಬೇಡವೋ ಅಂತ ಹೇಳುವುದು ಆ ಭಾಗದ ಕೋಡ್ ನೋಡಿಕೊಳ್ಳುವ ಮೇಂಟೇನರ್. ರೋಬೋಟ್‌ಗೆ ಆ ಅಧಿಕಾರ ಇಲ್ಲ. ಅದು ಇಂಟೆಲ್ ನಡೆಸುವ ‘ಝೀರೋ-ಡೇ’ ಎಂಬ ಪರೀಕ್ಷಾ ವ್ಯವಸ್ಥೆ. ಹೊಸ ಪ್ಯಾಚ್‌ಗಳನ್ನೂ ಡೆವಲಪರ್‌ಗಳ ಗಿಟ್ ಟ್ರೀಗಳನ್ನೂ ತಾನೇ ಎತ್ತಿಕೊಂಡು ಬಿಲ್ಡ್ ಮಾಡುತ್ತದೆ. ಎಡವಟ್ಟು ಯಾವ ಕಮಿಟ್‌ನಿಂದ ಶುರುವಾಯಿತು ಅಂತ ಹುಡುಕಿ, ಬರೆದವರಿಗೆ ಮೇಲ್ ಹಾಕುತ್ತದೆ. ಹತ್ತಾರು ವರ್ಷ ಕರ್ನಲ್‌ನಲ್ಲಿ ಕೆಲಸ ಮಾಡಿದವರಿಗೂ ಈ ಮೇಲ್ ಬರುತ್ತಲೇ ಇರುತ್ತದೆ. ಮೊದಲ ಪ್ಯಾಚ್‌ಗೆ ಬಂದರೆ ಎದೆ ಧಸಕ್ ಅನ್ನುತ್ತದೆ, ಗೊತ್ತು. ಆದರೆ ಇಷ್ಟು ಕಂಪ್ಯೂಟರ್ ಸಮಯವನ್ನು ನಿಮ್ಮ ಕೋಡ್‌ಗೋಸ್ಕರ ಬಿಟ್ಟಿಯಾಗಿ ಖರ್ಚು ಮಾಡುವವರು ಬೇರೆ ಯಾರೂ ಸಿಗುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಆಗಿದ್ದು ಸುಳ್ಳಲ್ಲ. ಅದು ಒಂದು ಕಾನ್ಫಿಗ್‌ನಲ್ಲಿ, ಅಂದರೆ ಕರ್ನಲ್‌ನ ಯಾವ ಭಾಗ ಆನ್, ಯಾವುದು ಆಫ್ ಅನ್ನುವ ಒಂದು ಪಟ್ಟಿಯಲ್ಲಿ ಮಾತ್ರ ನಿಜ, ಅಷ್ಟೇ. ಕರ್ನಲ್‌ನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಕಾನ್ಫಿಗ್ ಆಯ್ಕೆಗಳಿವೆ. ಸುರತ್ಕಲ್ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿದ ಬೈಕ್ ಆಗುಂಬೆ ಘಾಟಿಯ ಮಳೆಯಲ್ಲೂ ಹಾಗೇ ಓಡುತ್ತದೆ ಅಂತ ಹೇಳೋಕಾಗಲ್ಲ ಅಲ್ವಾ? ರೋಬೋಟ್ ಎಲ್ಲ ಆಯ್ಕೆಗಳನ್ನೂ ಆನ್ ಮಾಡಿ ನೋಡುತ್ತದೆ, ಎಲ್ಲ ಆಫ್ ಮಾಡಿ ನೋಡುತ್ತದೆ, ಮಾಡ್ಯೂಲ್ (ಬೇಕಾದಾಗ ಹಾಕಿ ತೆಗೆಯುವ ತುಂಡು) ಆಗಬಹುದಾದದ್ದನ್ನೆಲ್ಲ ಮಾಡ್ಯೂಲ್ ಮಾಡಿ ನೋಡುತ್ತದೆ. ಇವೆಲ್ಲಕ್ಕಿಂತ ಉಪಯೋಗದ್ದು ‘ರ‍್ಯಾಂಡ್‌ಕಾನ್ಫಿಗ್’. ಆಯ್ಕೆಗಳನ್ನು ಮನಬಂದಂತೆ ಆನ್-ಆಫ್ ಮಾಡಿ ಬಿಲ್ಡ್ ಮಾಡುವುದು. ಯಾವ ಮನುಷ್ಯನೂ ಕೂತು ಆರಿಸದ ಜೋಡಣೆಗಳು ಅಲ್ಲಿ ಸಿಗುತ್ತವೆ.

ಹಾಗಾಗಿ ಮೇಲ್ ಬಂದ ಕೂಡಲೇ ಕೋಡ್‌ಗೆ ಕೈ ಹಾಕಬೇಡಿ. ಮೊದಲು ಕಾನ್ಫಿಗ್‌ನ ಹೆಸರು ನೋಡಿ. ‘ಐ386-ರ‍್ಯಾಂಡ್‌ಕಾನ್ಫಿಗ್’ ಅಂತಿದ್ದರೆ 32 ಬಿಟ್‌ನ ಬಿಲ್ಡ್ ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ಕಂಪೈಲರ್ ಜಿಸಿಸಿಯೋ ಕ್ಲ್ಯಾಂಗೋ, ಯಾವ ಆವೃತ್ತಿ ಅಂತ ನೋಡಿ. ‘ಡಬ್ಲ್ಯೂ=1’ ಅಂತಿದ್ದರೆ, ಸಾಮಾನ್ಯ ಬಿಲ್ಡ್‌ನಲ್ಲಿ ಕಾಣದ ಹೆಚ್ಚುವರಿ ವಾರ್ನಿಂಗ್‌ಗಳನ್ನೂ ಆನ್ ಮಾಡಿದ್ದಾರೆ ಅಂತ ಅರ್ಥ. ಕೊನೆಗೆ, ಮುಂದೆ ‘>>’ ಗುರುತಿರುವ ಸಾಲುಗಳನ್ನು ಓದಿ. ಹೊಸದಾಗಿ ಹುಟ್ಟಿದ್ದು ಅವು ಮಾತ್ರ. ಉಳಿದದ್ದು ಹಳೆಯ ಸಾಲ.

ಈಗ ಮೊದಲನೆಯ ಎರರ್. ರೆಗ್‌ಮ್ಯಾಪ್‌ನ ಐ2ಸಿ ಭಾಗಕ್ಕೆ ಕಾನ್ಫಿಗ್ ಮೆನುವಿನಲ್ಲಿ ಜಾಗವೇ ಇಲ್ಲ. ಅದನ್ನು ಯಾರೂ ಕೈಯಾರೆ ಆನ್ ಮಾಡಲಾಗದು. ಬೇಕಾದ ಡ್ರೈವರ್ ತನ್ನ ಕೆಕಾನ್ಫಿಗ್‌ನಲ್ಲಿ (ಆಯ್ಕೆಗಳನ್ನು ಬರೆದಿಡುವ ಫೈಲ್) ‘ಸೆಲೆಕ್ಟ್ ರೆಗ್‌ಮ್ಯಾಪ್_ಐ2ಸಿ’ ಅಂತ ಬರೆದು ಕರೆಸಿಕೊಳ್ಳಬೇಕು. ಆ ಸಾಲನ್ನು ನೀವು ಬಿಟ್ಟಿದ್ದೀರಿ. ನಿಮ್ಮ ಲ್ಯಾಪ್‌ಟಾಪಿನ ಕಾನ್ಫಿಗ್‌ನಲ್ಲಿ ಬೇರೆ ಯಾವುದೋ ಡ್ರೈವರ್ ಅದನ್ನು ಸೆಲೆಕ್ಟ್ ಮಾಡಿತ್ತು, ನಿಮ್ಮದು ಅದರ ಬೆನ್ನ ಮೇಲೆ ಸವಾರಿ ಮಾಡಿತು. ರ‍್ಯಾಂಡ್‌ಕಾನ್ಫಿಗ್‌ನಲ್ಲಿ ಆ ಡ್ರೈವರ್ ಆಫ್ ಆಗಿತ್ತು. ಹೆಡರ್‌ನಲ್ಲಿ ಫಂಕ್ಷನ್‌ನ ಘೋಷಣೆ ಇದ್ದೇ ಇರುವುದರಿಂದ ಕಂಪೈಲ್ ಸುಸೂತ್ರ. ಕಂಪೈಲ್ ಆದ ತುಂಡುಗಳನ್ನೆಲ್ಲ ಒಟ್ಟು ಸೇರಿಸುವ ಲಿಂಕ್ ಹಂತದಲ್ಲಿ ಸಿಕ್ಕಿಬಿತ್ತು. ಕೆಕಾನ್ಫಿಗ್‌ನಲ್ಲಿ ‘ಡಿಪೆಂಡ್ಸ್ ಆನ್ ಐ2ಸಿ’ ಮತ್ತು ಈ ಸೆಲೆಕ್ಟ್ ಸಾಲು, ಎರಡೂ ಇರಬೇಕು. ಪಕ್ಕದ ಬೆಳಕಿನ ಸೆನ್ಸರ್ ಡ್ರೈವರ್‌ಗಳನ್ನು ತೆರೆದು ನೋಡಿ, ಇದೇ ಜೋಡಿ ಸಾಲು ಸಾಲಾಗಿ ಕಾಣುತ್ತದೆ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ನೀವು ಕರೆಯದ ಫಂಕ್ಷನ್ ಎಲ್ಲಿಂದ ಬಂತು? ಲಕ್ಸ್ (ಬೆಳಕಿನ ಅಳತೆ) ಲೆಕ್ಕ ಹಾಕುವಾಗ ಎಲ್ಲೋ ‘ಯು64’ (64 ಬಿಟ್) ಸಂಖ್ಯೆಯನ್ನು ನೇರವಾಗಿ ‘/’ ಹಾಕಿ ಭಾಗಿಸಿರುತ್ತೀರಿ. 64 ಬಿಟ್ ಪ್ರೊಸೆಸರ್‌ನಲ್ಲಿ ಅದು ಒಂದೇ ಇನ್‌ಸ್ಟ್ರಕ್ಷನ್. 32 ಬಿಟ್‌ನಲ್ಲಿ ಅಂಥ ಇನ್‌ಸ್ಟ್ರಕ್ಷನ್ ಇಲ್ಲ, ಅದಕ್ಕೆ ಕಂಪೈಲರ್ ತನ್ನ ಲೈಬ್ರರಿಯಲ್ಲಿರುವ ‘__ಯುಡಿವ್‌ಡಿಐ3’ಯನ್ನು ಕರೆಯುತ್ತದೆ. ಸಾಮಾನ್ಯ ಪ್ರೋಗ್ರಾಂ ಆದರೆ ಆ ಲೈಬ್ರರಿ ತಾನಾಗಿ ಸೇರಿಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಕರ್ನಲ್‌ಗೆ ಅದನ್ನು ಬೇಕಂತಲೇ ಸೇರಿಸಿಲ್ಲ. 64 ಬಿಟ್ ಭಾಗಾಕಾರ 32 ಬಿಟ್‌ನಲ್ಲಿ ದುಬಾರಿ, ಬೇಕಿದ್ದರೆ ಗೊತ್ತಿದ್ದೇ ಮಾಡಿ ಅನ್ನುವುದು ಅದರ ಹಿಂದಿನ ಲೆಕ್ಕಾಚಾರ. ಭಾಜಕ 32 ಬಿಟ್‌ನಲ್ಲಿ ಹಿಡಿಸಿದರೆ ‘ಡಿವ್_ಯು64’ ಬಳಸಿ. ಎರರ್ ಹೋಗಲಿ ಅಂತ ಸುಮ್ನೆ ‘ಯು32’ಗೆ ಕಾಸ್ಟ್ ಮಾಡಬೇಡಿ. ಬಿಲ್ಡ್ ಆಗುತ್ತದೆ. ಪ್ರಖರ ಬಿಸಿಲಿನಲ್ಲಿ ಸೆನ್ಸರ್ ಇಟ್ಟ ದಿನ ಸಂಖ್ಯೆ ಮೇಲಿನ ಬಿಟ್‌ಗಳನ್ನು ಕಳೆದುಕೊಂಡು, ಕತ್ತಲೆ ಅಂತ ಹೇಳೀತು.

ತಿದ್ದಿದ ಮೇಲೆ ರೋಬೋಟ್ ಕೊಟ್ಟ ಕಾನ್ಫಿಗ್ ಫೈಲನ್ನೇ ತಂದು ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಮಾಡಿ, ಅದೇ ಆರ್ಕಿಟೆಕ್ಚರ್‌ಗೆ ಬಿಲ್ಡ್ ಮಾಡಿ. ಹಳೆಯ ಕೋಡ್‌ನಲ್ಲಿ ಎರರ್ ಮೊದಲು ನಿಮ್ಮ ಕಣ್ಣಿಗೆ ಬೀಳಲಿ, ಆಮೇಲೆ ಅದು ಹೋಗಿದ್ದನ್ನು ನೋಡಿ. ಇಲ್ಲದಿದ್ದರೆ ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ. ಒಂದು ಎಚ್ಚರಿಕೆ: ನಿಮ್ಮ ಎರಡೂ ಎರರ್ ಲಿಂಕ್ ಹಂತದವು. ಡ್ರೈವರ್‌ನ ಡೈರೆಕ್ಟರಿ ಮಾತ್ರ ಬಿಲ್ಡ್ ಮಾಡಿದರೆ ಅವು ಕಾಣಿಸುವುದೇ ಇಲ್ಲ. ಇಡೀ ಕರ್ನಲ್ ಬಿಲ್ಡ್ ಆಗಬೇಕು.

ಪ್ಯಾಚ್‌ನ ವಿವರಣೆಯಲ್ಲಿ ಹಾಕುವ ಟ್ಯಾಗ್ ವಿಷಯದಲ್ಲಿ ಹೊಸಬರು ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಪ್ಯಾಚ್ ಇನ್ನೂ ಮರ್ಜ್ ಆಗಿಲ್ಲದಿದ್ದರೆ (ಕರ್ನಲ್‌ಗೆ ಸೇರಿಲ್ಲದಿದ್ದರೆ), ತಿದ್ದಿ ಎರಡನೇ ಆವೃತ್ತಿ ಕಳಿಸಿ ಸಾಕು. ರೋಬೋಟ್ ಹೆಸರಿನ ‘ರಿಪೋರ್ಟೆಡ್-ಬೈ’ ಹಾಕಬೇಡಿ. ಹಾಕಿದರೆ, ಇಡೀ ಡ್ರೈವರ್ ಬರೆಯಲು ರೋಬೋಟ್ ಹೇಳಿತ್ತು ಅನ್ನುವ ಹಾಗೆ ಕಾಣುತ್ತದೆ. ಆಗಲೇ ಮರ್ಜ್ ಆದ ಕೋಡ್‌ಗೆ ಬೇರೆ ಪ್ಯಾಚ್ ಕಳಿಸುವಾಗ ಮಾತ್ರ ‘ರಿಪೋರ್ಟೆಡ್-ಬೈ’ ಮತ್ತು ‘ಕ್ಲೋಸಸ್’ ಬೇಕು. ಮೇಲ್‌ನ ಆರಂಭದಲ್ಲೇ ಇದನ್ನು ಬರೆದಿರುತ್ತಾರೆ, ಗಾಬರಿಯಲ್ಲಿ ಯಾರೂ ಓದುವುದಿಲ್ಲ.

ಪ್ರಶ್ನೆ: ಉಡುಪಿಯಲ್ಲಿ ಒಂದು ಎಂಬೆಡೆಡ್ ಕಂಪನಿಯಲ್ಲಿದ್ದೇನೆ. ನಮ್ಮ ಡ್ರೈವರ್‌ನಲ್ಲಿ ‘ರೆಟ್’ ವೇರಿಯಬಲ್‌ಗೆ ಬೆಲೆ ಕೊಡದೆ ಬಳಸಿದ್ದೀರಿ ಅಂತ ಕ್ಲ್ಯಾಂಗ್ ಹೇಳುತ್ತದೆ. ಸೀನಿಯರ್ ಒಬ್ಬರು, ಶುರುವಿನಲ್ಲೇ ಸೊನ್ನೆ ಹಾಕಿಬಿಡು, ಇವೆಲ್ಲ ಸುಳ್ಳು ವಾರ್ನಿಂಗ್ ಅನ್ನುತ್ತಾರೆ. ಹಾಕಬಹುದಾ?

ಉತ್ತರ: ಸುಳ್ಳು ವಾರ್ನಿಂಗ್ ಇರುತ್ತವೆ, ನಿಮ್ಮ ಸೀನಿಯರ್ ಮಾತಿಗೆ ಆಧಾರ ಇದೆ. ಜಿಸಿಸಿಯ ‘ಮೇಬಿ-ಅನ್‌ಇನಿಶಿಯಲೈಸ್ಡ್’ ವಾರ್ನಿಂಗ್ ಎಷ್ಟು ಕಾಟ ಕೊಟ್ಟಿತೆಂದರೆ, 2020ರಲ್ಲಿ ಕರ್ನಲ್‌ನ 5.7 ಆವೃತ್ತಿ ತಯಾರಾಗುವಾಗ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದನ್ನು ಸಾಮಾನ್ಯ ಬಿಲ್ಡ್‌ನಲ್ಲಿ ಆಫ್ ಮಾಡಿಬಿಟ್ಟರು. ಆದರೆ ಸೊನ್ನೆ ಹಾಕುವ ಸಲಹೆ ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ.

ಡಿವೈಸ್ ಸಿಕ್ಕಾಗ ಅದನ್ನು ಸಿದ್ಧ ಮಾಡುವ ಒಂದು ಪ್ರೋಬ್ ಫಂಕ್ಷನ್ ತೆಗೆದುಕೊಳ್ಳಿ. ಕ್ಲಾಕ್ ಪಡೆಯುವಾಗ ಎರರ್ ಬಂದರೆ ‘ರೆಟ್’ಗೆ ಎರರ್ ಕೋಡ್ ಹಾಕಿ, ‘ಗೋಟು’ ಬಳಸಿ ಕೊನೆಗೆ ಹೋಗುತ್ತೀರಿ. ಮುಂದೆ ಚಿಪ್‌ನ ಐಡಿ ಓದಿ, ಅದು ತಪ್ಪಿದ್ದರೆ ಅಲ್ಲಿಂದಲೂ ‘ಗೋಟು’. ಆದರೆ ಈ ಎರಡನೆಯ ದಾರಿಯಲ್ಲಿ ‘ರೆಟ್’ಗೆ ಏನೂ ಹಾಕಿಲ್ಲ. ಕ್ಲ್ಯಾಂಗ್ ತೋರಿಸಿದ್ದು ಇದನ್ನೇ. ಈಗ ಮೇಲೆ ‘ರೆಟ್ = 0’ ಬರೆಯಿರಿ. ವಾರ್ನಿಂಗ್ ಮಾಯ. ಕರ್ನಲ್‌ನಲ್ಲಿ ಸೊನ್ನೆ ಅಂದರೆ ‘ಎಲ್ಲ ಸರಿಯಾಯಿತು’. ಚಿಪ್ಪೇ ತಪ್ಪು, ಪಡೆದ ಸಂಪನ್ಮೂಲಗಳನ್ನೆಲ್ಲ ವಾಪಸ್ ಕೊಟ್ಟಾಗಿದೆ, ಆದರೂ ಪ್ರೋಬ್ ಯಶಸ್ವಿ ಅಂತ ಹೇಳಿ ಬಂತು. ಮುಂದೆ ಯಾರೋ ಆ ಡಿವೈಸ್ ಬಳಸಿದಾಗ ಕರ್ನಲ್ ಬೀಳುತ್ತದೆ, ಲಾಗ್‌ನಲ್ಲಿ ನಿಮ್ಮ ಪ್ರೋಬ್‌ನ ಹೆಸರೂ ಇರುವುದಿಲ್ಲ. ಸರಿಯಾದ ತಿದ್ದುಪಡಿ ಒಂದೇ ಸಾಲು: ಐಡಿ ತಪ್ಪಿದ ಜಾಗದಲ್ಲಿ ‘ರೆಟ್ = -ಇನೋಡೆವ್’ (ಅಂಥ ಡಿವೈಸ್ ಇಲ್ಲ ಅನ್ನುವ ಎರರ್ ಕೋಡ್). ಡ್ಯಾನ್ ಕಾರ್ಪೆಂಟರ್ ಬರೆದ ‘ಸ್ಮ್ಯಾಚ್’ ಎಂಬ ಸ್ಟ್ಯಾಟಿಕ್ ಅನಾಲಿಸಿಸ್ (ಓಡಿಸದೆ ಕೋಡ್ ಓದಿಯೇ ತಪ್ಪು ಹುಡುಕುವ) ಟೂಲ್‌ನಲ್ಲಿ ‘ಎರರ್ ಕೋಡ್ ಬಿಟ್ಟುಹೋಗಿದೆ’ ಅನ್ನುವ ವಾರ್ನಿಂಗೇ ಇದೆ. ಸೊನ್ನೆ ಹಾಕಿ ಕೈ ತೊಳೆದುಕೊಳ್ಳುವುದು ಅಷ್ಟು ಮಾಮೂಲಿ ತಪ್ಪು.

ವಾರ್ನಿಂಗ್‌ನ ಬಾಯಿ ಮುಚ್ಚಿಸುವುದು ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ಕರ್ನಲ್‌ನ ಹೊರಗಿನ ಒಂದು ಕಥೆ ಸಾಕು. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಪ್ಯಾಕೇಜಿನಲ್ಲಿ, ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರೈಂಡ್ ಟೂಲ್ ಕೊಡುತ್ತಿದ್ದ ವಾರ್ನಿಂಗ್ ನಿಲ್ಲಿಸಲು ಎರಡು ಸಾಲು ತೆಗೆದರು. ಅವುಗಳ ಜೊತೆಗೆ ಕೀಲಿ ತಯಾರಿಸಲು ಬೇಕಾದ ರ‍್ಯಾಂಡಮ್‌ತನವೂ ಹೋಯಿತು. ಉಳಿದದ್ದು ಪ್ರೋಸೆಸ್ ಐಡಿ (ಓಡುತ್ತಿರುವ ಪ್ರೋಗ್ರಾಂನ ಸಂಖ್ಯೆ) ಮಾತ್ರ. ಒಂದು ಬಗೆಯ, ಒಂದು ಅಳತೆಯ ಕೀಲಿಗೆ 32,768 ಸಾಧ್ಯತೆಗಳಷ್ಟೇ. 2008ರ ಮೇ ತಿಂಗಳಲ್ಲಿ ಇದು ಬಯಲಾದಾಗ, ಆ ಅವಧಿಯಲ್ಲಿ ಮಾಡಿದ ಎಸ್‌ಎಸ್‌ಎಚ್ ಕೀಲಿಗಳನ್ನೆಲ್ಲ ಜನ ಎಸೆಯಬೇಕಾಯಿತು.

ಕರ್ನಲ್‌ನ ಒಳಗಿನದೂ ಒಂದಿದೆ. 2009ರಲ್ಲಿ ಟನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ‘ಟನ್’ ಪಾಯಿಂಟರ್‌ನ ಒಳಗಿಂದ ಸಾಕೆಟ್ ತೆಗೆದುಕೊಂಡು, ಆಮೇಲೆ ‘ಟನ್’ ನಲ್ (ಖಾಲಿ) ಆಗಿದೆಯಾ ಅಂತ ಕೇಳುವ ಕೋಡ್ ಇತ್ತು. ಪಾಯಿಂಟರನ್ನು ಆಗಲೇ ಬಳಸಿಯಾಗಿದೆ, ಅಂದಮೇಲೆ ಅದು ನಲ್ ಆಗಿರಲಾರದು ಅಂತ ಜಿಸಿಸಿ ತರ್ಕ ಮಾಡಿತು, ಆ ಪರೀಕ್ಷೆಯನ್ನೇ ಕಿತ್ತುಹಾಕಿತು. ಅದರಿಂದ ಸಾಮಾನ್ಯ ಬಳಕೆದಾರ ರೂಟ್ (ಪೂರ್ತಿ ಅಧಿಕಾರ ಇರುವ ಬಳಕೆದಾರ) ಆಗುವ ದಾರಿ ತೆರೆಯಿತು. ಆ ಬಳಿಕ ನಲ್ ಪರೀಕ್ಷೆಗಳನ್ನು ಅಳಿಸಬೇಡ ಅನ್ನುವ ಫ್ಲ್ಯಾಗ್ ಕರ್ನಲ್ ಬಿಲ್ಡ್‌ಗೆ ಸೇರಿತು. ‘ಪರೀಕ್ಷಿಸುವ ಮೊದಲೇ ಬಳಸಿದ್ದೀರಿ’ ಅಂತ ಸ್ಮ್ಯಾಚ್ ಹೇಳಿದರೆ ಅಸಡ್ಡೆ ಮಾಡಬೇಡಿ.

ವಾರ್ನಿಂಗ್ ನಿಜವಾಗಿಯೂ ಸುಳ್ಳು ಅಂತ ಖಾತ್ರಿಯಾದರೆ? ಪ್ರತಿ ದಾರಿಯನ್ನೂ ಬೆರಳಿಟ್ಟು ಓದಿ ನೋಡಿರಬೇಕು, ಅದು ಮೊದಲ ಷರತ್ತು. ಆಮೇಲೆ ಕೋಡನ್ನು ಸ್ವಲ್ಪ ಸರಳ ಮಾಡಲಾಗುತ್ತದಾ ನೋಡಿ. ಕಂಪೈಲರ್‌ಗೆ ಅರ್ಥವಾಗದ ಹರಿವು ಆರು ತಿಂಗಳ ನಂತರ ನಿಮಗೂ ಅರ್ಥವಾಗುವುದು ಕಷ್ಟ. ಅದೂ ಆಗದಿದ್ದರೆ, ಏಕೆ ಸುಳ್ಳು ಅಂತ ಎರಡು ಸಾಲು ಉತ್ತರ ಬರೆದು ಬಿಟ್ಟುಬಿಡಿ. ಸುಳ್ಳು ವಾರ್ನಿಂಗ್‌ಗಾಗಿ ಒಳ್ಳೆಯ ಕೋಡ್ ಕೆಡಿಸಬಾರದು.

ಪ್ರಶ್ನೆ: ಮಣಿಪಾಲದಲ್ಲಿ ಪಾಠ ಮಾಡುತ್ತೇನೆ. ಸ್ಟ್ಯಾಟಿಕ್ ಅನಾಲಿಸಿಸ್ ಪಾಸಾದರೆ ವಿದ್ಯಾರ್ಥಿಗಳ ಮಾಡ್ಯೂಲನ್ನು ಓಡಿಸಿ ನೋಡುವ ಅಗತ್ಯ ಇದೆಯೇ?

ಉತ್ತರ: ಖಂಡಿತ ಇದೆ. ಎರಡೂ ಹಿಡಿಯುವ ತಪ್ಪುಗಳೇ ಬೇರೆ. ಲಿನಸ್ 2003ರಲ್ಲಿ ಶುರು ಮಾಡಿದ ‘ಸ್ಪಾರ್ಸ್’ ಎಂಬ ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್ ನೋಡಿ. ಡಿವೈಸ್‌ನಿಂದ ಬಂದ ಲಿಟಲ್-ಎಂಡಿಯನ್ (ಕೆಳಗಿನ ಬೈಟನ್ನು ಮೊದಲು ಇಡುವ) ಸಂಖ್ಯೆಯನ್ನು ಬದಲಿಸದೆ ಹಾಗೇ ಬಳಸಿದರೆ ಅದು ಹಿಡಿಯುತ್ತದೆ. ನಿಮ್ಮ ಲ್ಯಾಬ್‌ನ ಎಕ್ಸ್86 ಯಂತ್ರದಲ್ಲಿ ಎಷ್ಟು ಓಡಿಸಿದರೂ ಆ ತಪ್ಪು ಕಾಣುವುದಿಲ್ಲ, ಯಾಕೆಂದರೆ ಯಂತ್ರವೂ ಲಿಟಲ್-ಎಂಡಿಯನ್. ಹಾಗೆಯೇ ಎರಡು ಥ್ರೆಡ್ ಒಂದರ ಕಾಲನ್ನೊಂದು ತುಳಿಯುವ ಬಗ್‌ಗಳು ಬಹಳಷ್ಟು ಸಲ ಓಡಿಸಿದಾಗಲೇ ಗೊತ್ತಾಗುವುದು. ಅದಕ್ಕೇ ಗೂಗಲ್‌ನ ಸಿಝ್‌ಬಾಟ್ ಹಗಲೂ ರಾತ್ರಿ ಕರ್ನಲ್‌ಗೆ ಚಿತ್ರವಿಚಿತ್ರ ಸಿಸ್ಟಮ್ ಕಾಲ್‌ಗಳನ್ನು ಕೊಟ್ಟು ಬೀಳಿಸಲು ನೋಡುತ್ತದೆ. ಕಾಲೇಜು ಲ್ಯಾಬ್‌ಗೆ ನನ್ನ ಸಲಹೆ: ಬಿಲ್ಡ್ ಮಾಡುವಾಗ ‘ಸಿ=1’ ಕೊಟ್ಟು ಸ್ಪಾರ್ಸ್, ಕ್ಯೂಎಮು (ಯಂತ್ರವನ್ನೇ ಅನುಕರಿಸುವ ಪ್ರೋಗ್ರಾಂ) ಒಳಗೆ ಕಾಸಾನ್ (ಓಡುವಾಗ ಮೆಮೊರಿ ತಪ್ಪು ಹಿಡಿಯುವ ವ್ಯವಸ್ಥೆ) ಆನ್ ಮಾಡಿದ ಕರ್ನಲ್, ಅದರಲ್ಲಿ ಮಾಡ್ಯೂಲನ್ನು ಮತ್ತೆ ಮತ್ತೆ ಹಾಕಿ ತೆಗೆಯುವುದು. ತೆಗೆಯುವಾಗಲೇ ಅರ್ಧಕ್ಕರ್ಧ ಮಾಡ್ಯೂಲ್‌ಗಳ ಬಣ್ಣ ಬಯಲಾಗುತ್ತದೆ.

ಪ್ರಶ್ನೆ: ಕಿನ್ನಿಗೋಳಿಯಲ್ಲಿದ್ದೇನೆ. ಹಳೇ ಲ್ಯಾಪ್‌ಟಾಪ್, ಬ್ಯಾಟರಿ ಸತ್ತಿದೆ. ಮಳೆಗಾಲ ಬಂದರೆ ಕರೆಂಟ್ ಯಾವಾಗ ಹೋಗುತ್ತದೆ ಹೇಳೋಕಾಗಲ್ಲ. ಕರ್ನಲ್ ಬಿಲ್ಡ್ ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ದಿನದ ಕೆಲಸಕ್ಕೆ ಇಡೀ ಕರ್ನಲ್ ಬೇಡ. ‘ಮೇಕ್ ಡಬ್ಲ್ಯೂ=1’ ಜೊತೆ ನಿಮ್ಮ ಡ್ರೈವರ್‌ನ ಡೈರೆಕ್ಟರಿ ಮಾತ್ರ ಕೊಡಿ. ಕಂಪೈಲ್ ಹಂತದ ವಾರ್ನಿಂಗ್‌ಗಳೆಲ್ಲ ಅಷ್ಟರಲ್ಲೇ ಸಿಗುತ್ತವೆ. ಪೂರ್ತಿ ಬಿಲ್ಡ್ ಬೇಕಾದಾಗ ‘ಲೋಕಲ್‌ಮಾಡ್‌ಕಾನ್ಫಿಗ್’ ಬಳಸಿ. ಆಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ ಸಮಯ ತುಂಬಾ ಇಳಿಯುತ್ತದೆ. ‘ಸಿಕ್ಯಾಶ್’ ಹಾಕಿಕೊಂಡರೆ ಒಮ್ಮೆ ಕಂಪೈಲ್ ಆದದ್ದನ್ನು ಮುಂದಿನ ಸಲ ಹಾಗೇ ಎತ್ತಿಕೊಡುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ‘ಮೇಕ್’ ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಆ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ ಅರ್ಧಂಬರ್ಧ, ಕೆಲವೊಮ್ಮೆ ಪೂರ್ತಿ ಖಾಲಿ ಉಳಿದಿರಬಹುದು. ಆಗ ಲಿಂಕರ್ ‘ಫೈಲ್ ಗುರುತು ಸಿಗುತ್ತಿಲ್ಲ’ ಅನ್ನುವಂಥ ವಿಚಿತ್ರ ಎರರ್ ಕೊಡುತ್ತದೆ. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಎರರ್‌ನಲ್ಲಿ ಹೆಸರಿರುವ ಆ ಒಂದು ಫೈಲ್ ಅಳಿಸಿ ಮತ್ತೆ ‘ಮೇಕ್’ ಕೊಡಿ. ರ‍್ಯಾಂಡ್‌ಕಾನ್ಫಿಗ್, ಹತ್ತು ಆರ್ಕಿಟೆಕ್ಚರ್ ಇವೆಲ್ಲ ನಿಮ್ಮ ಯಂತ್ರದ ಕೆಲಸವಲ್ಲ, ಅದನ್ನು ರೋಬೋಟ್ ನೋಡಿಕೊಳ್ಳುತ್ತದೆ. ಒಂದು 64 ಬಿಟ್, ಒಂದು 32 ಬಿಟ್ ಬಿಲ್ಡ್ ಮಾಡಿ ಕಳಿಸಿದರೆ ನಿಮ್ಮ ಪಾಲಿನದ್ದು ಆಯಿತು.