ಕೈಮುಗಿದಷ್ಟೂ ಹೆಚ್ಚುವ ಭಯ

ಪ್ರಶ್ನೆ: ನನಗೆ 27 ವರ್ಷ. ದೇವರ ಮುಂದೆ ನಿಂತ ಕೂಡಲೇ ಮನಸ್ಸಿಗೆ ಬೈಗುಳ, ಹೇಸಿಗೆಯ ಮಾತು ಬರುತ್ತದೆ. ವಿಗ್ರಹ ನೋಡಿದರೆ ಹೇಳಬಾರದಂಥ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕೆನ್ನೆ ಬಡಿದುಕೊಂಡು 11 ಸಲ ‘ತಪ್ಪಾಯ್ತು’ ಎನ್ನದಿದ್ದರೆ ಸಮಾಧಾನವಿಲ್ಲ. ತಪ್ಪುಕಾಣಿಕೆಯೆಂದು ತೆಗೆದಿಟ್ಟ ನಾಣ್ಯದಿಂದ ಡಬ್ಬಿ ತುಂಬಿದೆ. ಸಂಜೆ ದೀಪ ಹಚ್ಚಿ ಏಳಲು ಒಂದೂವರೆ ಗಂಟೆ ಬೇಕು. ಮಧೂರು ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ. ಗಂಡನಿಗೆ ಏನಾದರೂ ಆದರೆ ನನ್ನ ಪಾಪದಿಂದಲೇ ಎಂಬ ಹೆದರಿಕೆ. ‘ಏನೂ ಆಗುವುದಿಲ್ಲ’ ಎಂದು ಅವರ ಬಾಯಲ್ಲಿ ಎಷ್ಟು ಸಲ ಹೇಳಿಸಿದರೂ ಸಾಲದು. ನಾನು ಪಾಪಿಯೇ? ಹುಚ್ಚು ಹಿಡಿಯುತ್ತಿದೆಯೇ?
— ಹೆಸರು ಬೇಡ, ಬದಿಯಡ್ಕ

ಉತ್ತರ: ಎರಡೂ ಅಲ್ಲ. ನೀವು ಬರೆದಿರುವುದು ಗೀಳು ಕಾಯಿಲೆಯ (ಓಸಿಡಿ) ಒಂದು ಬಗೆ. ಇದಕ್ಕೆ ಚಿಕಿತ್ಸೆ ಇದೆ, ಗುಣವೂ ಕಾಣುತ್ತದೆ.

ಬೇಡದ ಯೋಚನೆ ನುಗ್ಗುವುದು ಎಲ್ಲರ ತಲೆಯಲ್ಲೂ ಇದ್ದದ್ದೇ. 1978ರಲ್ಲಿ ರಾಖ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು ಕಾಯಿಲೆ ಇಲ್ಲದವರನ್ನು ವಿಚಾರಿಸಿದಾಗ, ಅವರಲ್ಲಿ ಬಹುಪಾಲು ಮಂದಿಗೂ ಇಂಥದೇ ಹೊಲಸು, ಹಿಂಸೆ, ದೈವನಿಂದೆಯ ಯೋಚನೆಗಳು ಬರುತ್ತವೆ ಎಂದು ತಿಳಿದುಬಂತು. ಅವರು ‘ಛೆ’ ಎಂದು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನೀವು ಅದನ್ನು ಹಿಡಿದು ನಿಲ್ಲಿಸಿ ‘ಇದು ಯಾಕೆ ಬಂತು’ ಎಂದು ವಿಚಾರಣೆ ಮಾಡುತ್ತೀರಿ. ಯಾವುದನ್ನು ಹೆಚ್ಚು ಪೂಜ್ಯವೆಂದು ನೆಚ್ಚಿದ್ದೀರೋ ಅದನ್ನೇ ಗೀಳು ಕಚ್ಚಿ ಹಿಡಿಯುತ್ತದೆ. ದೇವರ ಮೇಲೆ ಭಕ್ತಿಯೇ ಇಲ್ಲದವಳಿಗೆ ಈ ಯೋಚನೆ ಬಂದರೂ ನಿದ್ದೆ ಕೆಡುತ್ತಿರಲಿಲ್ಲ.

ಹಾಗಾದರೆ ತಪ್ಪುಕಾಣಿಕೆಯಿಂದ ಯಾಕೆ ಗುಣವಾಗುತ್ತಿಲ್ಲ? ನಾಣ್ಯ ಎತ್ತಿಟ್ಟ ಕೂಡಲೇ ಎದೆ ಹಗುರಾಗುತ್ತದೆ. ‘ನಾಣ್ಯ ಇಟ್ಟದ್ದರಿಂದ ಅಪಾಯ ತಪ್ಪಿತು’ ಎಂದು ಮೆದುಳು ಕಲಿಯುತ್ತದೆ. ಇಡದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮರುದಿನ ಭಯ ಇನ್ನಷ್ಟು ಬೇಗ ಬರುತ್ತದೆ. ಊರಲ್ಲಿ ಎಲ್ಲರೂ ಹಾಕುವ ತಪ್ಪುಕಾಣಿಕೆ ಒಂದು ಸಲಕ್ಕೆ ಮುಗಿಯುತ್ತದೆ. ನಿಮ್ಮದು ಮುಗಿಯುವುದೇ ಇಲ್ಲ. ಆಚರಣೆಗೂ ಕಾಯಿಲೆಗೂ ಇರುವ ವ್ಯತ್ಯಾಸ ಇದೇ.

ಭಯವನ್ನು ಎದುರಿಸುವುದು, ಪರಿಹಾರದ ಕ್ರಿಯೆಯನ್ನು ತಡೆಯುವುದು: ಚಿಕಿತ್ಸೆಯ ತಿರುಳು ಇಷ್ಟೇ. ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ: ಹೊತ್ತು, ಬಂದ ಯೋಚನೆ, ಭಯಕ್ಕೆ 100ರಲ್ಲಿ ಎಷ್ಟು ಅಂಕ, ಆಮೇಲೆ ಏನು ಮಾಡಿದಿರಿ. ಆ ಪಟ್ಟಿಯಿಂದ ಎಂಟು ಹತ್ತು ಮೆಟ್ಟಿಲು ಮಾಡಿ. ಉದಾಹರಣೆಗೆ, ದೀಪವನ್ನು ಒಂದೇ ಸಲ ಹಚ್ಚಿ ತಿರುಗಿ ನೋಡದೆ ಅಡುಗೆಮನೆಗೆ ಬರುವುದಕ್ಕೆ 35 ಅಂಕ ಇರಬಹುದು. 11ರ ಬದಲು ಬೇಕೆಂದೇ 8ಕ್ಕೆ ನಿಲ್ಲಿಸುವುದು 45, ನಾಣ್ಯ ಎತ್ತಿಡದಿರುವುದು 55, ದೇವರ ಪಟವನ್ನು ಐದು ನಿಮಿಷ ನೋಡುತ್ತಾ ಬಂದ ಯೋಚನೆಯನ್ನು ಬರಲು ಬಿಡುವುದು 70. ಕೊನೆಯ ಮೆಟ್ಟಿಲು ಮಧೂರು: ಒಂದೇ ಪ್ರದಕ್ಷಿಣೆ, ಅಪ್ಪದ ಪ್ರಸಾದ ತೆಗೆದುಕೊಂಡು, ತಪ್ಪುಕಾಣಿಕೆ ಹಾಕದೆ ಮನೆಗೆ.

35–40 ಅಂಕದ್ದರಿಂದ ಶುರುಮಾಡಿ. ದಿನವೂ ಅದೇ ಮೆಟ್ಟಿಲು, ಸುಮಾರು ಒಂದು ವಾರ. ಭಯ ಮೊದಲು ಏರುತ್ತದೆ, ಏರಲಿ. ಬಹಳ ಸಲ ಮುಕ್ಕಾಲು ಗಂಟೆ, ಒಂದು ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಇಳಿಯದ ದಿನವೂ ನಷ್ಟವಿಲ್ಲ. ಭಯ ಇದ್ದಾಗಲೂ ನೀವು ನಾಣ್ಯ ಮುಟ್ಟಲಿಲ್ಲ ಎಂಬುದೇ ಆ ದಿನದ ಕಲಿಕೆ. ಒಮ್ಮೆಗೇ ನಿಲ್ಲಿಸಲಾಗದಿದ್ದರೆ 15 ನಿಮಿಷ ಮುಂದೂಡಿ, ಮರುದಿನ 30.

ಹೆಚ್ಚಿನವರು ಎಡವುವುದು ಇಲ್ಲಿ: ಬಾಯಿಂದ ‘ತಪ್ಪಾಯ್ತು’ ಹೇಳುವುದನ್ನು ಬಿಟ್ಟು ಮನಸ್ಸಿನೊಳಗೆ ‘ಶಿವ ಶಿವ’ ಎನ್ನತೊಡಗುತ್ತಾರೆ. ಅದೂ ಪರಿಹಾರದ ಕ್ರಿಯೆಯೇ, ಕಾಣಿಸುವುದಿಲ್ಲ ಅಷ್ಟೆ. ಗಂಡನ ಬಾಯಲ್ಲಿ ಹೇಳಿಸುವುದೂ ಅದೇ. ಅವರಿಗೆ ಈ ಪುಟ ಓದಿಸಿ, ಇಬ್ಬರೂ ಮೊದಲೇ ಒಪ್ಪಿಕೊಳ್ಳಿ. ಇನ್ನು ಕೇಳಿದಾಗ ಅವರು ಹೇಳಬೇಕಾದದ್ದು: ‘ಇದು ಕಾಯಿಲೆ ಕೇಳುವ ಪ್ರಶ್ನೆ. ಉತ್ತರ ಕೊಡುವುದಿಲ್ಲ, ಜೊತೆಗೆ ಕೂತಿರುತ್ತೇನೆ.’ ಗದರಿ ಹೇಳಬಾರದು. ನಿಮಗೆ ನೀವು ಹೇಳಿಕೊಳ್ಳಬೇಕಾದದ್ದೂ ‘ಏನೂ ಆಗುವುದಿಲ್ಲ’ ಎಂದಲ್ಲ. ‘ನಾಳೆಯದ್ದು ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ’ ಎಂದು.

ವಿಗ್ರಹಕ್ಕೆ ಅಪಚಾರ ಮಾಡಿ ಎಂದು ಈ ಚಿಕಿತ್ಸೆ ಹೇಳುವುದಿಲ್ಲ. ಗಡಿ ಎಲ್ಲಿ ಎಂಬ ಅನುಮಾನವಿದ್ದರೆ ನೀವು ನಂಬುವ ಅರ್ಚಕರನ್ನೋ ಮನೆಯ ಹಿರಿಯರನ್ನೋ ಒಂದೇ ಒಂದು ಸಲ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದಿಡಿ. ಎರಡನೆಯ ಸಲ ಕೇಳಬೇಕೆನಿಸಿದರೆ ಅದು ಗೀಳು.

ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿರುವುದರಿಂದ ಮನೋವೈದ್ಯರನ್ನೂ ಕಾಣಬೇಕು. ಸಾಮಾನ್ಯವಾಗಿ ಕೊಡುವುದು ಫ್ಲೂಯೊಕ್ಸೆಟಿನ್ ಅಥವಾ ಸರ್ಟ್ರಾಲಿನ್. ಫ್ಲೂಯೊಕ್ಸೆಟಿನ್ 20 ಮಿ.ಗ್ರಾಂ.ನಿಂದ ಶುರುವಾಗಿ 40–80ರವರೆಗೆ, ಸರ್ಟ್ರಾಲಿನ್ 50ರಿಂದ 200ರವರೆಗೆ ಏರಬಹುದು. ಏರಿಸುವುದು ವೈದ್ಯರ ಕೆಲಸ. ಮೊದಲ ಎರಡು ವಾರ ಓಕರಿಕೆ, ಚಡಪಡಿಕೆ ಇರಬಹುದು. ಪೂರ್ತಿ ಗುಣ ಕಾಣಲು 10–12 ವಾರ ಹಿಡಿಯುತ್ತದೆ. ‘ತಿಂಗಳಾಯಿತು, ಏನೂ ಆಗಲಿಲ್ಲ’ ಎಂದು ಬಿಡುವವರಿದ್ದಾರೆ. ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಬೇಕು, ತಟ್ಟನೆ ನಿಲ್ಲಿಸಬಾರದು. ಬಸಿರಾಗುವ ಯೋಚನೆಯಿದ್ದರೆ ಮೊದಲೇ ಹೇಳಿ.

ಇನ್ನು ಭಾಷೆ. ನಿಮ್ಮ ಬದಿಯಡ್ಕ ಕೇರಳದ ಕಾಸರಗೋಡು ಜಿಲ್ಲೆಯದು, ವೈದ್ಯರು ಮಲೆಯಾಳದವರಿರಬಹುದು. ಅಕ್ಕಿ ಬೇಳೆಯ ವ್ಯವಹಾರಕ್ಕೆ ಸಾಕಾಗುವ ಮಲೆಯಾಳ ಇಂಥ ಯೋಚನೆಯನ್ನು ಬಿಡಿಸಿ ಹೇಳಲು ಸಾಲದು. ನಾಚಿಕೆಯಿಂದ ‘ಟೆನ್ಶನ್’ ಎಂದಷ್ಟೇ ಹೇಳಿ ನಿದ್ದೆಮಾತ್ರೆಯೊಂದಿಗೆ ಹಿಂದಿರುಗಬೇಡಿ. ಮೊದಲ ವಾರ ಬರೆದಿಟ್ಟ ಪುಸ್ತಕ ಒಯ್ಯಿರಿ, ಕನ್ನಡ ಬಲ್ಲವರನ್ನು ಕೇಳಿ. ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೂರದ ಮಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲೂ ಮನೋವೈದ್ಯ ವಿಭಾಗಗಳಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದವರೇ ಬೇಕೆಂದು ಕೇಳಿ.

ಪ್ರಶ್ನೆ: ನಮಾಜಿಗೆ ಮೊದಲು ವುಝೂ (ಕೈಕಾಲು ಮುಖ ತೊಳೆಯುವ ಶುದ್ಧಿ) ಮಾಡಲು ಮಗನಿಗೆ 40 ನಿಮಿಷ ಬೇಕು. ನೀರು ತಾಗಿತೋ ಇಲ್ಲವೋ ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಕೈ ಒಡೆದು ರಕ್ತ ಬರುತ್ತಿದೆ. ಬೈದರೆ ಅಳುತ್ತಾನೆ.
— ಒಬ್ಬ ತಂದೆ, ಉಪ್ಪಳ

ಉತ್ತರ: ಬೈಯಬೇಡಿ. ನಿಮ್ಮಲ್ಲಿ ವಸ್ವಾಸ್ ಎನ್ನುವುದು ಇದಕ್ಕೇ. ಅಂಗಗಳನ್ನು ಮೂರು ಸಲಕ್ಕಿಂತ ಹೆಚ್ಚು ತೊಳೆಯುವುದು ಸಲ್ಲದು, ಖಚಿತವಾದದ್ದು ಅನುಮಾನದಿಂದ ಅಳಿಯುವುದಿಲ್ಲ ಎಂದು ಧರ್ಮಶಾಸ್ತ್ರವೇ ಹೇಳುತ್ತದೆ. ಉಸ್ತಾದರಿಂದ ಇದನ್ನು ಒಮ್ಮೆ ಹೇಳಿಸಿ. ಆಮೇಲೆ ನಲ್ಲಿ ಬಿಟ್ಟು ಒಂದು ಲೀಟರ್ ಅಳೆದಿಟ್ಟ ಪಾತ್ರೆ ಕೊಡಿ. ನೀರು ಮುಗಿದರೆ ವುಝೂ ಮುಗಿಯಿತು. ಮೇಲೆ ಹೇಳಿದ ಮೆಟ್ಟಿಲಿನ ಕ್ರಮ ಇಲ್ಲಿಗೂ ಹೊಂದುತ್ತದೆ. ಒಡೆದ ಕೈಗೆ ಚರ್ಮದ ವೈದ್ಯರ ಮುಲಾಮಷ್ಟೇ ಸಾಲದು, ಮನೋವೈದ್ಯರನ್ನೂ ಕಾಣಿಸಿ.

ಪ್ರಶ್ನೆ: ಅಡಿಕೆ ತೋಟದ ಬದಿಯ ನಾಗಬನದ ಮರದ ಕೊಂಬೆ ಕಡಿಸಿದ್ದು ತಾನೇ ಎಂದು ಅಮ್ಮ (62) ಆರು ವಾರದಿಂದ ಕೊರಗುತ್ತಿದ್ದಾರೆ. ಜ್ಯೋತಿಷಿಗಳಲ್ಲಿ ಮೂರು ಸಲ ಪ್ರಶ್ನೆ ಇಡಿಸಿ, ಹೇಳಿದ ಪರಿಹಾರವೆಲ್ಲ ಮಾಡಿಸಿದ್ದೇವೆ. ಊಟ ಬಿಟ್ಟಿದ್ದಾರೆ, ಬೆಳಗ್ಗೆ ಮೂರಕ್ಕೇ ಏಳುತ್ತಾರೆ. ‘ನಾನು ಇರಬಾರದು’ ಎನ್ನುತ್ತಾರೆ. ಮುಂದಿನ ತಿಂಗಳು ನಾಗನಿಗೆ ತಂಬಿಲದ ಪೂಜೆ ಇದೆ. ಅದಾದ ಮೇಲೆ ಡಾಕ್ಟರಲ್ಲಿಗೆ ಹೋದರೆ ಸಾಕೇ?
— ಮಗ, ಮಂಜೇಶ್ವರ ಸಮೀಪ

ಉತ್ತರ: ಸಾಲದು. ಇವತ್ತೇ ಹೋಗಿ.

ಗೀಳಿನವರಲ್ಲಿ ಹೆಚ್ಚಿನವರು ‘ಇದು ಅತಿಯೆಂದು ಗೊತ್ತು, ಬಿಡಲಾಗುವುದಿಲ್ಲ’ ಎನ್ನುತ್ತಾರೆ. ನಿಮ್ಮ ಅಮ್ಮನಿಗೆ ತಾನು ಪಾಪಿ ಎಂಬುದರಲ್ಲಿ ಅನುಮಾನವೇ ಇಲ್ಲ. ಊಟ ಸೇರದು, ಬೆಳಗಿನ ಜಾವ ಎಚ್ಚರ, ಸಾವಿನ ಮಾತು. ಇದು ತೀವ್ರ ಖಿನ್ನತೆಯಂತೆ ಕಾಣುತ್ತದೆ. ಖಿನ್ನತೆ ಮೊದಲು ಬಂದು, ತನಗೊಂದು ಕಾರಣ ಹುಡುಕಿ ಕೊಂಬೆಯನ್ನು ಹಿಡಿದಿರಬಹುದು. ಪರಿಹಾರ ಮಾಡಿಸಿದರೂ ಸಮಾಧಾನವಾಗದಿರುವುದಕ್ಕೆ ಇದೇ ಕಾರಣ.

‘ಸಾಯಬೇಕೆಂದು ಅನಿಸುತ್ತದೆಯಾ ಅಮ್ಮಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, ರಾತ್ರಿ ಹತ್ತಿರವೇ ಮಲಗಿ. ಅಡಿಕೆ ಮನೆಯಲ್ಲಿ ಮೈಲುತುತ್ತು, ಕಳೆನಾಶಕ, ಕೀಟನಾಶಕ ಇದ್ದೇ ಇರುತ್ತದೆ. ಬೀಗ ಹಾಕಿದರೂ ಸಾಲದು, ಸದ್ಯಕ್ಕೆ ಬೇರೆ ಮನೆಗೆ ಸಾಗಿಸಿ. ಹಳೆಯ ಮಾತ್ರೆಗಳೂ ಅವರ ಕೈಗೆ ಸಿಗಬಾರದು.

ನಾಗದೋಷ ಇದೆಯೋ ಇಲ್ಲವೋ ಎಂದು ವಾದಕ್ಕೆ ಇಳಿಯಬೇಡಿ. ‘ನಾಗನಿಗೆ ಮಾಡಬೇಕಾದ್ದು ಮಾಡಿದ್ದೇವೆ, ಈಗ ನಿಮ್ಮ ನಿದ್ದೆ ಊಟ ಸರಿಯಾಗಬೇಕು’ ಎಂದರೆ ಸಾಕು. ತಂಬಿಲ ಆ ದಿನಕ್ಕೇ ನಡೆಯಲಿ, ಆದರೆ ಹೊಸ ಪ್ರಶ್ನೆ ಇಡಿಸಬೇಡಿ. ಹೊಸ ದೋಷ ಕಂಡರೆ ಅದನ್ನೂ ಅವರು ತಲೆಗೆ ಕಟ್ಟಿಕೊಳ್ಳುತ್ತಾರೆ.

ವೈದ್ಯರಲ್ಲಿ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆಯ ಬಗ್ಗೆ ಕೇಳಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹಾಳೆ ಒಯ್ಯಿರಿ: ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಖಿನ್ನತೆಯ ಔಷಧ ಸೇರಿದರೆ ಈ ವಯಸ್ಸಿನಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಔಷಧ ಶುರುವಾಗಿ ಒಂದೆರಡು ವಾರಕ್ಕೆ ಅದನ್ನು ಪರೀಕ್ಷಿಸಬೇಕು. ನಡುವೆ ಮಂಪರು, ತೊದಲು ಮಾತು, ಗೊಂದಲ ಕಂಡರೆ ‘ನಾಗನ ಕೋಪ’ ಎಂದುಕೊಂಡು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.