ಸ್ಕೆಚ್‌ಬುಕ್ ಇಟ್ಟುಕೊಂಡರೆ ಪೇಂಟಿಂಗ್ ನಿಜವಾಗಲೂ ಸುಧಾರಿಸುತ್ತಾ?

ಎರಡು ವರ್ಷದಿಂದ ಫೋಟೋ ನೋಡಿಕೊಂಡು ವಾಟರ್ ಕಲರ್ ಮಾಡುತ್ತಿದ್ದೀರಿ, ಚಿತ್ರ ನೀಟಾಗಿ ಬರುತ್ತದೆ, ಆದರೆ ಜೀವ ಇಲ್ಲ ಅನ್ನಿಸುತ್ತದೆ, ಸ್ಕೆಚ್‌ಬುಕ್ಕಿನಿಂದ ಏನಾದರೂ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ನನಗೆ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ದೇವರಾಜ ಮಾರ್ಕೆಟ್ಟಿನ ಒಂದು ಬಾಳೆಹಣ್ಣಿನ ಅಂಗಡಿಯನ್ನು ಮೊಬೈಲ್ ಫೋಟೋ ನೋಡಿ ಮೂರು ಸಲ ಬರೆದೆ. ಮೂರೂ ಸಲ ಕೆಟ್ಟಿತು. ಪ್ರತಿ ಸಲ ದಪ್ಪನೆಯ ವಾಟರ್ ಕಲರ್ ಪೇಪರಿನ (300 ಜಿಎಸ್‌ಎಂ) ಕಾಲು ಶೀಟ್ ಹೋಯಿತು. ನಾಲ್ಕನೇ ಸಲ ಒಂದು ಪುಸ್ತಕ, ಮೆತ್ತಗೆ ಕಪ್ಪಗೆ ಬರೆಯುವ 4ಬಿ ಪೆನ್ಸಿಲ್ ಹಿಡಿದು ಆ ಅಂಗಡಿ ಮುಂದೆಯೇ ಹೋಗಿ ನಿಂತೆ.

ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರು. ಬಿಸಿಲು ಅದರ ಮೂಲಕ ಇಳಿಯುತ್ತಿತ್ತು. ಒಳಗಿದ್ದ ಗೊನೆಗಳ ಹಳದಿ ಆ ಬೆಳಕಿಗೆ ಹಸಿರಿಗೆ ತಿರುಗಿತ್ತು. ಹೊರಗೆ ತೂಗುಹಾಕಿದ್ದ ಒಂದೇ ಒಂದು ಗೊನೆ ಅಪ್ಪಟ ಹಳದಿ. ನನ್ನ ಫೋಟೋದಲ್ಲಿ ಎರಡೂ ಒಂದೇ ಹಳದಿಯಾಗಿತ್ತು, ನೆರಳೆಲ್ಲ ಬರೀ ಕಪ್ಪು. ಅವತ್ತು ಸ್ಕೆಚ್ ಸೊಟ್ಟಪಟ್ಟವೇ ಬಂತು. ಆದರೆ ಪಕ್ಕದಲ್ಲಿ ಹೀಗೆ ಬರೆದುಕೊಂಡಿದ್ದೆ: ‘ಒಳಗೆ ಹಸಿರು ಹಳದಿ. ಹೊರಗೆ ಒಂದೇ ಗೊನೆಗೆ ಬಿಸಿಲು. ಹಿಂದಿನ ಬಾಗಿಲು ಎಲ್ಲಕ್ಕಿಂತ ಕಪ್ಪು. ಅದರ ಎದುರಿಗೆ ಅಂಗಡಿಯವರ ಬಿಳಿ ಅಂಗಿ.’ ಆ ನಾಲ್ಕು ಸಾಲು ಇಟ್ಟುಕೊಂಡೇ ಚಿತ್ರ ಮುಗಿಸಿದೆ.

ಹಾಗಾಗಿ ನನ್ನ ಮೊದಲ ಮಾತು: ಸ್ಕೆಚ್ ಪಕ್ಕ ಅಕ್ಷರದಲ್ಲೂ ಬರೆಯಿರಿ. ಫ್ರಾನ್ಸಿನ ಕಲಾವಿದ ಡೆಲಕ್ರವಾ 1832ರಲ್ಲಿ ಮೊರೊಕ್ಕೊಗೆ ಹೋದಾಗ ಹೀಗೇ ಮಾಡಿದ್ದ. ಪುಟ್ಟ ಪುಸ್ತಕಗಳಲ್ಲಿ ಅವಸರದ ಗೆರೆ, ಸ್ವಲ್ಪ ಬಣ್ಣ, ಪಕ್ಕದಲ್ಲಿ ಯಾವ ಬಟ್ಟೆ ಯಾವ ಬಣ್ಣ ಎಂಬ ಟಿಪ್ಪಣಿ. ಅಲ್ಲಿದ್ದದ್ದು ಕೆಲವೇ ತಿಂಗಳು. ಆದರೆ 1863ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ವಿಷಯಗಳನ್ನು ಪೇಂಟ್ ಮಾಡುತ್ತಲೇ ಇದ್ದ.

ಇನ್ನೊಂದು, ವಾಟರ್ ಕಲರಿಗೆ ಇದು ತುಂಬಾ ಮುಖ್ಯ. ನಮ್ಮಲ್ಲಿ ಬಿಳಿ ಅಂದರೆ ಪೇಪರೇ, ಅಲ್ವಾ? ಒಂದು ಸಲ ಬಣ್ಣ ಹರಿದರೆ ಆ ಬಿಳಿ ಮೊದಲಿನ ಹಾಗೆ ವಾಪಸ್ ಬರುವುದಿಲ್ಲ. ಎಲ್ಲಿ ಬಿಡಬೇಕು ಅನ್ನುವುದು ಬ್ರಷ್ ಎತ್ತುವ ಮೊದಲೇ ಗೊತ್ತಿರಬೇಕು. ಅದಕ್ಕೆ ನಾನು ಸ್ಕೆಚ್‌ಬುಕ್ಕಿನಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾಗಿ ಮೂರು ನಾಲ್ಕು ಚೌಕ ಹಾಕಿಕೊಳ್ಳುತ್ತೇನೆ. ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣಪುಟ್ಟದ್ದೆಲ್ಲ ಮಾಯವಾಗಿ ದೊಡ್ಡ ದೊಡ್ಡ ಆಕಾರ ಮಾತ್ರ ಉಳಿಯುತ್ತದೆ. ಅದನ್ನು ಮೂರೇ ಛಾಯೆಯಲ್ಲಿ ತುಂಬುತ್ತೇನೆ. ಬಿಟ್ಟ ಜಾಗ ಬಿಳಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದ್ದು ಮಧ್ಯಮ, ಒತ್ತಿ ತೀಡಿದ್ದು ಕಪ್ಪು. ಒಂದು ಚೌಕಕ್ಕೆ ಎರಡು ಮೂರು ನಿಮಿಷ ಸಾಕು. ಬಾಳೆಹಣ್ಣಿನ ಚಿತ್ರವನ್ನು ಮೂರು ಸಲವೂ ಅಡ್ಡ ಹಾಳೆಯಲ್ಲಿ ಬರೆದಿದ್ದೆ. ಚೌಕದಲ್ಲಿ ಉದ್ದಕ್ಕೆ ಹಾಕಿ ನೋಡಿದಾಗ ಆ ಕಪ್ಪು ಬಾಗಿಲು, ಬಿಳಿ ಅಂಗಿ ಎರಡೂ ಸರಿಯಾಗಿ ಕೂತವು.

ಓಡಾಡುವ ಜನರನ್ನು ಬರೆಯುವುದು ಕಷ್ಟವೇ. ಒಂದು ಗೆರೆ ಎಳೆಯುವಷ್ಟರಲ್ಲಿ ಎದ್ದು ಹೋಗಿರುತ್ತಾರೆ. ಹೋಗಲಿ ಬಿಡಿ, ಆ ಒಂದು ಗೆರೆಯೂ ಸಾಕು. ನಮ್ಮ ಕರ್ನಾಟಕದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ನಾಲ್ಕಾರು ಗೆರೆಯಲ್ಲಿ ಕುಣಿಯುವ ದೇಹ ಎದ್ದು ನಿಲ್ಲುತ್ತದೆ. ಆ ಲಯ ಹಿಡಿಯಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತಿದ್ದರು. ಅವರ ಗೆರೆಗಳನ್ನು ನೋಡಿದ ದಿನ ನನಗೆ ಬರೆಯದೆ ಕೂರಲು ಆಗುವುದೇ ಇಲ್ಲ.

ಪುಸ್ತಕದ ಕೊನೆಯ ಹಾಳೆಗಳನ್ನು ಬಣ್ಣ ಬೆರೆಸಿ ನೋಡಲು ಇಟ್ಟಿದ್ದೇನೆ. ಅಲ್ಟ್ರಾಮರೀನ್ ನೀಲಿ ಜೊತೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿ ಎಷ್ಟು ಥರದ ಬೂದು ಬರುತ್ತದೆ ನೋಡಿ. ಒಣಗಿದ ಮೇಲೆ ಎಷ್ಟು ತೆಳುವಾಯಿತು ಅಂತಲೂ ಬರೆದಿಡಿ. ಟ್ಯೂಬಿನ ಕಪ್ಪು ನನಗೆ ಬೇಡವಾದದ್ದು ಹೀಗೇ.

ಪುಸ್ತಕ ಜಾಸ್ತಿ ಬೆಲೆಯದ್ದು ಬೇಡ. ಒಳ್ಳೆ ಪೇಪರ್ ಹಾಳಾಗುತ್ತದೆ ಅಂತ ಕೈ ಹಿಂಜರಿಯುತ್ತದೆ. ಬ್ಯಾಗಿಗೆ ಹಿಡಿಯುವ ಎ5 ಸಾಕು. ಯಾರಿಗೂ ತೋರಿಸಬೇಕಾಗಿಲ್ಲ. ಇಂಟರ್ನೆಟ್ಟಿನಲ್ಲಿ ಕಾಣುವ ಚಂದದ ಸ್ಕೆಚ್‌ಬುಕ್ಕುಗಳ ಜೊತೆ ದಯವಿಟ್ಟು ಹೋಲಿಸಿಕೊಳ್ಳಬೇಡಿ. ಕೆಟ್ಟ ಹಾಳೆಯನ್ನು ಹರಿಯಲೂಬೇಡಿ. ಆರು ತಿಂಗಳು ಬಿಟ್ಟು ನೋಡಿದಾಗ ಅದರಲ್ಲೇ ಏನೋ ಸಿಗುತ್ತದೆ.

ಫೋಟೋ ಬಿಟ್ಟೇಬಿಡಿ ಅಂತ ನಾನು ಹೇಳುವುದಿಲ್ಲ. ನಾನೂ ತೆಗೆಯುತ್ತೇನೆ, ಸ್ಕೆಚ್ ಮುಗಿದ ಮೇಲೆ. ಮತ್ತೆ, ಮೊದಲ ಹಾಳೆ ಮುಟ್ಟಲು ಭಯ ಅನ್ನಿಸಿದರೆ ಸುಮ್ನೆ ಮಧ್ಯದಲ್ಲಿ ಎಲ್ಲೋ ತೆರೆದು ಶುರು ಮಾಡಿ. ನನ್ನ ಈಗಿನ ಪುಸ್ತಕ ಶುರುವಾಗಿದ್ದೂ ನಡುವಿನ ಹಾಳೆಯಿಂದಲೇ.