ಪುಕ್ಕಟೆ ಸೀಟು, ಪಾಳಿ ಹಾಸಿಗೆ

ಶಿವಮೊಗ್ಗದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: “ನನ್ನ ಸೋದರಳಿಯ ಅಮೆರಿಕದ ಸಣ್ಣ ವಿಮಾನ ಕಂಪನಿಯೊಂದರಲ್ಲಿ ಹೊಸದಾಗಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಆಗಿದ್ದಾನೆ. ಮನೆ ಡಲ್ಲಾಸ್‌ನಲ್ಲಿ, ಡ್ಯೂಟಿ ನ್ಯೂಯಾರ್ಕ್‌ನಲ್ಲಿ. ಓಡಾಟಕ್ಕೆ ವಿಮಾನ ಪುಕ್ಕಟೆ. ಆದರೂ ಫೋನಿನಲ್ಲಿ ಸುಸ್ತು, ನಿದ್ದೆಯಿಲ್ಲ ಎಂಬ ಒಂದೇ ರಾಗ. ಅಲ್ಲಿಗೇ ಮನೆ ಬದಲಾಯಿಸಬಾರದೇ? ನಾವು ದಿನಾ ಭದ್ರಾವತಿಗೆ ಬಸ್ಸಿನಲ್ಲಿ ನಿಂತು ಹೋಗಿ ಬಂದವರು. ಈಗಿನ ಹುಡುಗರು ಮೆತ್ತಗಾದರೇ? ದೀಪಾವಳಿಗಾದರೂ ಬರುತ್ತಾನೋ ಇಲ್ಲವೋ!”

ಮಾನ್ಯರೇ, ದೂರದಲ್ಲಿ ಮನೆ ಮಾಡಿಕೊಂಡಿರುವುದು ಅವನ ಆಯ್ಕೆ ಎನ್ನುವ ನಿಮ್ಮ ಮಾತಿನಲ್ಲಿ ಹುರುಳಿದೆ, ಒಪ್ಪಿದೆ. ಸಂಬಳವೂ ಮೊದಲಿನಂತಿಲ್ಲ. 2022ರಲ್ಲಿ ಅಲ್ಲಿಯ ಕೆಲವು ಪ್ರಾದೇಶಿಕ ಕಂಪನಿಗಳು ಮೊದಲ ವರ್ಷದವರಿಗೇ ಗಂಟೆಗೆ 90 ಡಾಲರ್ ಕೊಡತೊಡಗಿದವು. ಆದರೆ ಆ ಗಂಟೆ ಶುರುವಾಗುವುದು ವಿಮಾನ ಬ್ರೇಕ್ ಬಿಟ್ಟು ಕದಲಿದ ಮೇಲೆ. ಇನ್ನು ‘ಪುಕ್ಕಟೆ’ ಎಂಬ ಪದವನ್ನು ಮಾತ್ರ ನಾನು ಸುಮ್ಮನೆ ಬಿಡಲಾರೆ.

ಪುಕ್ಕಟೆ ಎಂದರೆ ಖಾತ್ರಿಯಿಲ್ಲದ ಸೀಟು. ದುಡ್ಡು ಕೊಟ್ಟವರೆಲ್ಲ ಕುಳಿತ ಮೇಲೆ ಉಳಿದದ್ದು. ಅದೂ ಇಲ್ಲವೆಂದರೆ ಜಂಪ್‌ಸೀಟ್, ಅಂದರೆ ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಬೆನ್ನ ಹಿಂದಿನ ಹೆಚ್ಚುವರಿ ಸೀಟು. ಗೇಟಿನಲ್ಲಿ ಗುರುತಿನ ತಪಾಸಣೆ ಆಗಬೇಕು, ಆ ಕಂಪನಿಯ ಸ್ವಂತ ಪೈಲಟ್‌ಗಳಿಗೆ ಮೊದಲ ಹಕ್ಕು, ಕೊನೆಗೆ ಕ್ಯಾಪ್ಟನ್ ಒಪ್ಪಬೇಕು. ಬೋಯಿಂಗ್ 737ರಲ್ಲಿ ಈ ಸೀಟನ್ನು ಬಾಗಿಲಿಗೆ ಅಡ್ಡವಾಗಿ ಮಡಿಕೆ ಬಿಚ್ಚಿ ಕೂರಬೇಕು. ಬೆನ್ನು ನೆಟ್ಟಗೆ, ಮಂಡಿ ಪೈಲಟ್‌ಗಳ ನಡುವಿನ ಉಪಕರಣದ ಕಟ್ಟೆಗೆ ತಾಗುವಷ್ಟು ಹತ್ತಿರ. ಹಿಂದಕ್ಕೆ ಒರಗುವ ಮಾತೇ ಇಲ್ಲ. ಮೂರು ಗಂಟೆ ಹಾಗೆ ಕುಳಿತು ಬಂದವನನ್ನು ‘ಪ್ರಯಾಣಿಕ’ ಎನ್ನಬಹುದು, ‘ವಿಶ್ರಾಂತಿ ಪಡೆದವ’ ಎನ್ನಲಾಗದು.

ಲೆಕ್ಕ ನೋಡಿ. ಅವನು ಹಾರಿಸಬೇಕಾದ ಬೆಳಿಗ್ಗೆ 6ರ ವಿಮಾನಕ್ಕೆ 5ರ ಆಸುಪಾಸಿನಲ್ಲಿ ರಿಪೋರ್ಟ್ ಆಗಬೇಕು. ಆ ಹೊತ್ತಿಗೆ ತಲುಪಿಸುವ ವಿಮಾನ ಡಲ್ಲಾಸ್‌ನಿಂದ ಇಲ್ಲ, ಹಿಂದಿನ ದಿನವೇ ಹೊರಡಬೇಕು. ಅದಕ್ಕೂ ಒಂದು ವಿಮಾನ ತುಂಬಿ ಹೋದರೆ ಇನ್ನೊಂದಿರಲಿ ಎಂದು ಮುಂಚಿತವಾಗಿಯೇ ಗೇಟಿಗೆ ಬಂದು ನಿಲ್ಲಬೇಕು. ನಾಲ್ಕು ದಿನದ ಪಾಳಿಯಲ್ಲಿ ಕೊನೆಯ ದಿನದ ಡ್ಯೂಟಿ ರಾತ್ರಿ 10ಕ್ಕೆ ಮುಗಿದರೆ ಊರಿನ ಕೊನೆಯ ವಿಮಾನ ಹೋಗಿರುತ್ತದೆ. ನಾಲ್ಕು ದಿನದ ಕೆಲಸ ಆರು ದಿನ ನುಂಗಿತು. ಮಧ್ಯಾಹ್ನ ಶುರುವಾಗಿ ಮಧ್ಯಾಹ್ನ ಮುಗಿಯುವ ಅನುಕೂಲದ ಪಾಳಿಗಳೆಲ್ಲ ಸೀನಿಯಾರಿಟಿ ಪಟ್ಟಿಯ ಮೇಲಿನವರ ಪಾಲು. ಹೊಸಬನಿಗೆ ಸಿಗುವುದು ರಿಸರ್ವ್: ಫೋನ್ ಬಂದ ಎರಡು ಗಂಟೆಯೊಳಗೆ ಹಾಜರಾಗುವಷ್ಟು ಹತ್ತಿರದಲ್ಲಿ, ನಿಯಮದ ಪ್ರಕಾರ ದಿನಕ್ಕೆ 14 ಗಂಟೆಯವರೆಗೆ, ಬೂಟು ಹಾಕಿಕೊಳ್ಳಲು ತಯಾರಾಗಿ ಕಾಯುವುದು.

ಕಾಯುವುದೆಲ್ಲಿ? ಕ್ರ್ಯಾಶ್‌ಪ್ಯಾಡ್‌ನಲ್ಲಿ, ಅಂದರೆ ವಿಮಾನ ಸಿಬ್ಬಂದಿ (ಕ್ರೂ) ಹಂಚಿಕೊಂಡು ಮಲಗುವ ಬಾಡಿಗೆ ಕೋಣೆಯಲ್ಲಿ. ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಇಂಥ ಕೋಣೆಗಳು ಎಷ್ಟಿವೆಯೆಂದರೆ ಅದಕ್ಕೆ ‘ಕ್ರೂ ಗಾರ್ಡನ್ಸ್’ ಎಂಬ ಅಡ್ಡಹೆಸರೇ ಬಿದ್ದಿದೆ. ಒಂದರ ಮೇಲೊಂದು ಮಂಚಗಳು. ಹೆಚ್ಚು ಬಾಡಿಗೆ ಕೊಟ್ಟರೆ ನಿಮ್ಮದೇ ಒಂದು. ಕಡಿಮೆ ಕೊಟ್ಟರೆ ‘ಹಾಟ್ ಬಂಕ್’: ಒಬ್ಬ ಎದ್ದು ಹೋದ ಹಾಸಿಗೆಯ ಮೇಲೆ ನಿಮ್ಮ ಬೆಡ್‌ಶೀಟ್ ಹಾಸಿಕೊಳ್ಳಿ. ಬೆಳಗಿನ 3ಕ್ಕೆ ಒಬ್ಬನ ಅಲಾರಂ, 4ಕ್ಕೆ ಇನ್ನೊಬ್ಬನ ಸೂಟ್‌ಕೇಸಿನ ಗಾಲಿ. ಮನೆ ಬದಲಾಯಿಸಲಿ ಎನ್ನುತ್ತೀರಿ. ಬದಲಾಯಿಸಿದ ಆರು ತಿಂಗಳಿಗೆ ಕಂಪನಿ ಅಲ್ಲಿಯ ಬೇಸ್ ಅನ್ನು, ಅಂದರೆ ಡ್ಯೂಟಿ ಶುರುವಾಗುವ ಕೇಂದ್ರವನ್ನೇ ಮುಚ್ಚಿದರೆ?

2009ರ ಫೆಬ್ರವರಿ 12ರಂದು ನ್ಯೂಯಾರ್ಕ್ ಪಕ್ಕದ ನ್ಯೂವರ್ಕ್‌ನಿಂದ ಬಫಲೋಗೆ ಹೊರಟ, ಕೊಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ 3407 ಸಂಖ್ಯೆಯ ವಿಮಾನ ಬಿದ್ದು 50 ಮಂದಿ ಸತ್ತರು. ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಮೆಂಫಿಸ್ ಮೂಲಕ ಸರಕು ವಿಮಾನಗಳಲ್ಲಿ ಬಂದು ಬೆಳಿಗ್ಗೆ ನ್ಯೂವರ್ಕ್‌ನಲ್ಲಿ ಇಳಿದಿದ್ದರು. ಜೊತೆಗೆ ನೆಗಡಿ. ರಜೆ ಹಾಕಿದರೆ ಹೋಟೆಲ್ ಖರ್ಚು ಕೈಯಿಂದ. ಅವರ ವಾರ್ಷಿಕ ಸಂಬಳ 16 ಸಾವಿರ ಡಾಲರೋ, ಕಂಪನಿ ಆಮೇಲೆ ಹೇಳಿದಂತೆ 24 ಸಾವಿರದ ಹತ್ತಿರವೋ ಎಂಬ ಚರ್ಚೆಯೇ ನಡೆಯಿತು. ಕ್ಯಾಪ್ಟನ್ ಮಲಗಿದ್ದು ವಿಮಾನ ನಿಲ್ದಾಣದ ಕ್ರೂ ರೂಮಿನಲ್ಲಿ. ನ್ಯೂವರ್ಕ್ ಬೇಸ್‌ನ ಆ ಕಂಪನಿಯ 137 ಪೈಲಟ್‌ಗಳಲ್ಲಿ 93 ಮಂದಿ ಹೀಗೆ ದೂರದಿಂದ ಬರುವವರು. 29 ಮಂದಿಯ ಮನೆ ಸಾವಿರ ಮೈಲಿಗೂ ಆಚೆ. ತನಿಖೆ ಮುಖ್ಯ ಕಾರಣವೆಂದದ್ದು ಸ್ಟಾಲ್ (ವೇಗ ತಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದ್ದನ್ನು. ದಣಿವು ಇಬ್ಬರ ಕೆಲಸವನ್ನೂ ಕುಂದಿಸಿರುವ ಸಂಭವ ಹೆಚ್ಚು, ಆದರೆ ಅದರ ಪಾಲು ಎಷ್ಟೆಂದು ಅಳೆಯಲಾಗದು ಎಂದಿತು.

ಆಮೇಲೆ ಅಮೆರಿಕದಲ್ಲಿ ನಿಯಮಗಳೇನೋ ಬಂದವು. 2014ರ ಜನವರಿಯಿಂದ ಡ್ಯೂಟಿಗೆ ಮುನ್ನ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ. ಸರಕು ವಿಮಾನದವರನ್ನು ಹೊರಗಿಟ್ಟರು, ಅವರಿಗೆ ನಿದ್ದೆ ಬರುವುದಿಲ್ಲವೇನೋ! ಆ ಬಿಡುವಿನಲ್ಲಿ ಹುಡುಗ ಜಂಪ್‌ಸೀಟಿನಲ್ಲಿದ್ದರೂ ಕಾಗದದ ಮೇಲೆ ಅದು ವಿಶ್ರಾಂತಿಯೇ. ಪ್ರತಿ ಹಾರಾಟಕ್ಕೂ ‘ನಾನು ಸಮರ್ಥನಿದ್ದೇನೆ’ ಎಂದು ಅವನೇ ಸಹಿ ಹಾಕಬೇಕು. ಮೊದಲ ವರ್ಷ ಪ್ರೊಬೇಷನ್‌ನಲ್ಲಿರುವವನು ‘ಇಲ್ಲ’ ಎಂದು ಎಷ್ಟು ಸಲ ಬರೆದಾನು?

ನಮಗೆ ಇದು ದೂರದ ಕಥೆಯಲ್ಲ. 2010ರ ಮೇ 22ರ ಮಂಗಳೂರು ದುರಂತದಲ್ಲಿ 158 ಜನ ಹೋದರು. ದುಬೈನಿಂದ ರಾತ್ರಿಯೆಲ್ಲ ಹಾರಿ ಬಂದ ಆ ವಿಮಾನದ ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್‌ನ ಗೊರಕೆ ಇತ್ತು. ನಮ್ಮ ದೇಶದಲ್ಲಿ ವಾರದ ಬಿಡುವನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಕಡಿತಗೊಳಿಸಿದ್ದು 2025ರಲ್ಲಿ. ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದಾಗ ನಾವು ಬೈದದ್ದು ಯಾರನ್ನು? ನಿಯಮವನ್ನು! ಸಡಿಲಿಕೆಯೂ ಸಿಕ್ಕಿತು. ನಮ್ಮ ನೈಟ್ ಹಾಲ್ಟ್ ಬಸ್ಸಿನ ಡ್ರೈವರ್ ಹಳ್ಳಿಯಲ್ಲಿ ಬಸ್ಸಿನ ಸೀಟಿನ ಮೇಲೇ ಸೊಳ್ಳೆ ಹೊಡೆಯುತ್ತ ಮಲಗಿ, ಬೆಳಗಿನ ಮೊದಲ ಟ್ರಿಪ್ ಹೊರಡಿಸುತ್ತಾನೆ. ಅದನ್ನೂ ನಾವು ವಿಶ್ರಾಂತಿ ಎಂದೇ ಬರೆದುಕೊಂಡಿದ್ದೇವೆ. ಭದ್ರಾವತಿಗೆ ನಿಂತು ಹೋದ ನಿಮ್ಮ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ, ಸ್ವಾಮಿ.

ದೀಪಾವಳಿಯ ಮಾತು. ರಜೆಯೂ ಸೀನಿಯಾರಿಟಿ ಪ್ರಕಾರವೇ ಹಂಚಿಕೆ. ಪಟ್ಟಿಯ ತಳದಲ್ಲಿರುವವನಿಗೆ ಸಿಗುವುದು ಯಾರೂ ಬೇಡವೆಂದ ವಾರ. ಅವನು ಫೆಬ್ರವರಿಯಲ್ಲಿ ಬಂದರೆ ಬೇಸರಿಸದೆ ಹೋಳಿಗೆಯನ್ನು ಆಗಲೇ ಮಾಡಿಸಿ. ಮೊದಲ ಎರಡು ದಿನ ಮಾತ್ರ ಯಾರೂ ಎಬ್ಬಿಸಬೇಡಿ.